ತೇಪೆ

ಬಣ್ಣ ಉಬ್ಬಿತ್ತು, ಅಷ್ಟೇ.
ಹಿಂಬಾಗಿಲ ತಳದಲ್ಲಿ, ಹಪ್ಪಳದ ಮೇಲಿನ
ಒಂದು ಗುಳ್ಳೆಯಷ್ಟು.
ಹೆಬ್ಬೆರಳಲ್ಲಿ ಒತ್ತಿದೆ. ಒತ್ತಬಾರದಿತ್ತು.
ಬೆರಳು ಒಳಗೆ ಹೋಯಿತು.

ಎಂಬತ್ತಾರರ ಪದ್ಮಿನಿ, ಕೆನೆ ಬಣ್ಣ.
ಶ್ರೀರಾಮಪುರದ ನಮ್ಮ ಟೈಲರಿಂಗ್ ಅಂಗಡಿಯೆದುರು
ಹೊಂಗೆ ಮರದಡಿ ನಿಂತು ನಿಂತು
ಪ್ರತಿ ಏಪ್ರಿಲ್ಲಿನಲ್ಲೂ ಮೈತುಂಬ ಹೂ ಮುಡಿಯುತ್ತಿತ್ತು.
ಚೆಂದ ಕಾಣುತ್ತದೆಂದು ಗುಡಿಸದೆ ಬಿಟ್ಟವಳು ನಾನೇ.

ಮಾಗಡಿ ರಸ್ತೆ, ಸಾಮಿಲ್ಲಿನ ಹಿಂದಿನ ಗಲ್ಲಿ.
ಟಿಂಕರ್ ಮುನಿಯೆಲ್ಲಪ್ಪ ಬಾಗಿಲಿಗೆ ಕಿವಿಗೊಟ್ಟು
ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು
ಹಲಸಿನಹಣ್ಣು ಕೊಳ್ಳುವವರ ಹಾಗೆ.
ಟಣ್, ಟಣ್, ಟಣ್,
ದೊಬ್.
"ಇಲ್ಲಿಂದ ಇಲ್ಲೀಗಂಟ" ಎಂದು ಸೀಮೆಸುಣ್ಣದಲ್ಲಿ ಗೀಟೆಳೆದರು.
ನಾನೂ ಹಾಗೇ ಎಳೆಯುವುದು, ರವಿಕೆ ಬಟ್ಟೆಯ ಮೇಲೆ.

ಆಮೇಲೆ ಸೈಕಲ್ ಚಕ್ರದ ಕಡ್ಡಿಯೊಂದನ್ನು ಬಗ್ಗಿಸಿ
ಬಾಗಿಲ ತಳದ ಸಣ್ಣ ತೂತಿಗೆ ತೂರಿಸಿದರು.
(ಅಲ್ಲೊಂದು ತೂತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.)
ಮೊದಲು ಕರೀ ನೀರು, ಹಿಂದೆಯೇ
ಐದಾರು ವರ್ಷದ ಹೊಂಗೆ ಹೂವು, ಹುಣಸೆ ತೊಕ್ಕಿನ ಹಾಗೆ,
ಕೊನೆಗೊಂದು ಗುಂಡಿ, ನೀಲಿ, ನಾಲ್ಕು ಕಣ್ಣಿನದು.
"ಬಾಗಿಲೂ ಉಚ್ಚೆ ಹುಯ್ಯಬೇಕು ಕಣಮ್ಮಾ.
ಕಟ್ಕೊಂಡು ಕೂತ್ರೆ ಏನಾಯ್ತದೆ?"

ಉಪ್ಪುಕಾಗದ ಅನ್ನುತ್ತಾರೆ ಅದಕ್ಕೆ.
ಕಬ್ಬಿಣ ತಿನ್ನುವ ಉಪ್ಪಿನ ಹೆಸರು ಹೊತ್ತು
ಕಬ್ಬಿಣ ಉಳಿಸುವ ಕಾಗದ.
ಉಜ್ಜಿದಂತೆಲ್ಲ ಕೆನೆ ಹೋಯಿತು, ಬೂದು ಹೋಯಿತು,
ಬೆರಳು ದಪ್ಪದ ಪುಟ್ಟಿ ಹೆಕ್ಕಳಿಕೆಯಾಗಿ ಉದುರಿತು,
ಅದರಡಿಯಲ್ಲಿ ಹಸಿರು.
ಹಸಿರಿನಲ್ಲಿ ಅರ್ಧ ಸೂರ್ಯಕಾಂತಿ.
ಎಣ್ಣೆ ಡಬ್ಬದ ತಗಡು!

"ಯಾವ ಗ್ಯಾರೇಜಮ್ಮಾ ಇದು?" ಮುನಿಯೆಲ್ಲಪ್ಪ ನಕ್ಕರು.

ತೊಂಬತ್ತೆಂಟರಲ್ಲಿ. ಲಾಲ್‌ಬಾಗ್ ರಸ್ತೆಯ ದೊಡ್ಡ ಗ್ಯಾರೇಜು.
ಸಾವಿರದ ಎಂಟುನೂರು, ನನ್ನ ಹೊಲಿಗೆ ದುಡ್ಡು,
ಎಂಜಲು ಹಚ್ಚಿ ಎಣಿಸಿ ಕೊಟ್ಟಿದ್ದೆ.
ತಿರುಗಿ ನೋಡಿದೆ.
ನಮ್ಮ ಯಜಮಾನರು, ರುದ್ರಾರಾಧ್ಯರು,
ಗರಗಸವನ್ನು ಹುಟ್ಟಿದ ಮೇಲೆ ಮೊದಲ ಸಲ ಕಂಡವರಂತೆ
ಸಾಮಿಲ್ಲಿನ ಕಡೆಗೇ ನೋಡುತ್ತಿದ್ದರು.

ಬಗ್ಗಿ, ಕನ್ನಡಕ ಏರಿಸಿ, ತೇಪೆ ಸವರಿದೆ.
ರಿವಿಟ್ಟು ಹದಿನಾಲ್ಕು.
ಅರ್ಧ ಇಂಚು ಬಿಟ್ಟು ಒಂದು, ಅರ್ಧ ಇಂಚು ಬಿಟ್ಟು ಇನ್ನೊಂದು,
ಮೂಲೆಯಲ್ಲಿ ಸಣ್ಣ ತಿರುವು, ಅಂಚಿಗೆ ಒಳಮಡಿಕೆ:
ನನ್ನನ್ನು ನೋಡಿಯೇ ಕಲಿತದ್ದು.
ಇಷ್ಟು ಸಮಕ್ಕೆ ಕೈ ಕೂರುತ್ತದೆಂದು ಗೊತ್ತಿದ್ದರೆ
ಇವರನ್ನು ಅಂದೇ ಕಾಜಾಕ್ಕೆ ಕೂರಿಸುತ್ತಿದ್ದೆ.
ಆ ದುಡ್ಡು ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ.
ಕೇಳುತ್ತೇನೆ.
ಇವತ್ತೇ ಅಲ್ಲ.

"ಇದನ್ನ ಹಾಗೇ ಬಿಡೋಕಾಗಲ್ವಾ?"
"ಆಗಲ್ಲಮ್ಮ. ಎರಡು ತಗಡಿನ ಮಧ್ಯೆ ತೇವ ಸಂಸಾರ ಹೂಡ್ತದೆ.
ಮಾರೋದಾದ್ರೆ ಹೇಳಿ, ಸಂಜೆಗೆ ಪುಟ್ಟಿ ಮೆತ್ತಿ ಕೊಡ್ತೀನಿ.
ಇಟ್ಕೊಳ್ಳೋದಾದ್ರೆ
ಒಳ್ಳೇ ಕಬ್ಬಿಣ ಸಿಗೋಗಂಟ ಕೊಯ್ಯಬೇಕು."
ಕೊಯ್ಯಿರಿ ಅಂದೆ.
ಪಿಸಿದ ಬಟ್ಟೆಗೆ ದಾರ ನಿಲ್ಲುವುದಿಲ್ಲವೆಂದು
ಕತ್ತರಿ ಹಿಡಿದವಳಿಗೆ ಯಾರೂ ಹೇಳಬೇಕಿಲ್ಲ.

ಹೊಸ ತಗಡು, ಗ್ಯಾಸ್ ವೆಲ್ಡಿಂಗ್, ರೆಡ್ ಆಕ್ಸೈಡ್ ಎರಡು ಕೈ.
ಆಮೇಲೆ ಮೇಣ ಕರಗಿಸಿ, ಎಣ್ಣೆ ಬೆರೆಸಿ,
ಬಾಗಿಲ ಹೊಟ್ಟೆಯೊಳಕ್ಕೆ ಪಂಪಿನಲ್ಲಿ ಊದಿದರು.
ವಾರವೆಲ್ಲ ಕಾರೊಳಗೆ
ಈಗಷ್ಟೇ ಆರಿದ ದೀಪದ ವಾಸನೆ.

ಸೂರ್ಯಕಾಂತಿ ಗುಜರಿಗೆ ಹೋಯಿತು.
ಸೈಕಲ್ ಕಡ್ಡಿ ಕೇಳಿ ಪಡೆದೆ, ಮೆಶಿನ್ನಿನ ಡ್ರಾಯರಿನಲ್ಲಿದೆ,
ಬಾಬಿನ್ನುಗಳ ಜೊತೆ.

ಮೊನ್ನೆ ರಾತ್ರಿ ಹೊಡೆಯಿತಲ್ಲ ಮಳೆ,
ನೈಟಿಯ ಮೇಲೆ ಟವಲು ಹೊದ್ದು ಕೆಳಗಿಳಿದೆ.
ಬೀದಿದೀಪದ ಬೆಳಕಲ್ಲಿ ಮಂಡಿಯೂರಿ ನೋಡಿದರೆ
ನಾಲ್ಕೂ ಬಾಗಿಲು ಹುಯ್ಯುತ್ತಿದ್ದವು
ಸಣ್ಣಗೆ, ನಾಚಿಕೆಯಿಲ್ಲದೆ.
ಮೇಲೆ ಕಿಟಕಿಯಿಂದ ಇವರ ದನಿ:
"ಬರ್ತಾ ಇದೆಯಾ?"
"ಬರ್ತಾ ಇದೆ" ಅಂದೆ.